ನರ್ಸಿಂಗ್ ಎಂಟ್ರಿ ಲೆವೆಲ್ ಮಾಸ್ಟರ್ಸ್: ಕ್ಲಾಸ್ ಟೈಮ್, ಓಡಾಟ ಹೇಗಿತ್ತು? ಮಾಡಿದವರು ಅನುಭವ ಹೇಳಿ

ಫ್ರೀಮಾಂಟ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ ಮಾಡಿದವಳು. ನರ್ಸಿಂಗ್ ಓದಿಲ್ಲ. ಈಗ ಬೇ ಏರಿಯಾದಲ್ಲಿ ಎಂಟ್ರಿ ಲೆವೆಲ್ ಮಾಸ್ಟರ್ಸ್‌ಗೆ (ಬೇರೆ ಡಿಗ್ರಿ ಇದ್ದವರನ್ನು ನರ್ಸ್ ಮಾಡುವ ಕೋರ್ಸ್) ಎರಡು ಕಡೆ ಸೀಟು ಸಿಕ್ಕಿದೆ. ಒಂದು ಓಕ್ಲೆಂಡ್ ಕಡೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ. ನಮ್ಮ ಮನೆ ಫ್ರೀಮಾಂಟ್. ಮಗಳಿಗೆ 6 ವರ್ಷ. ಯಜಮಾನರಿಗೆ ವಾರದಲ್ಲಿ 3 ದಿನ ಸನ್ನಿವೇಲ್ ಆಫೀಸು. ಗ್ರೀನ್ ಕಾರ್ಡ್ ಬಂದಿದೆ, ಆ ಚಿಂತೆ ಇಲ್ಲ.

ಕ್ಲಾಸು ಯಾವ ದಿನ, ಎಷ್ಟು ಗಂಟೆಗೆ ಅಂತ ಎರಡೂ ಕಡೆ ಕೇಳಿದೆ. "ವಾರಕ್ಕೆ 4ರಿಂದ 5 ದಿನ, ಆಗಾಗ ಬದಲಾಗುತ್ತದೆ" ಅಂದರು, ಅಷ್ಟೇ. ಮನೆಯಿಂದಲೇ ದಿನಾ ಹೋಗಿ ಬರಲು ಆಗುತ್ತದಾ? ಬಾರ್ಟ್ ರೈಲು ಸಾಕಾ, ಕಾರೇ ಬೇಕಾ? ಮುಂದಿನ ಶುಕ್ರವಾರದ ಒಳಗೆ ಒಂದು ಕಡೆ ಡೆಪಾಸಿಟ್ ಕಟ್ಟಬೇಕು.

ಟ್ರೇಸಿ ವಾಸಿ:

ಮೇಡಂ, ನಾನು 2023ರಲ್ಲಿ ಸೇರಿ 2025ರಲ್ಲಿ ಮುಗಿಸಿದೆ. ಕಾಲೇಜು ಮನೆಯಿಂದ ಎಷ್ಟು ದೂರ ಅಂತ ನಾನೂ ಮೊದಲು ಅದನ್ನೇ ನೋಡಿದ್ದು. ಕಾಲೇಜಿನ ದೂರ ಲೆಕ್ಕಕ್ಕೇ ಬರಲ್ಲ. ಕ್ಲಿನಿಕಲ್‌ಗೆ (ಆಸ್ಪತ್ರೆಯಲ್ಲಿ ಮಾಡುವ ತರಬೇತಿ) ಯಾವ ಆಸ್ಪತ್ರೆಗೆ ಹಾಕುತ್ತಾರೆ ಅನ್ನುವುದೇ ಲೆಕ್ಕ. ನನಗೆ ಮೊದಲ ಟರ್ಮ್‌ನಲ್ಲಿ ಅದು ಗೊತ್ತಾಗಿದ್ದು 10 ದಿನ ಮುಂಚೆ. ಎರಡನೇ ಟರ್ಮ್‌ನಲ್ಲಿ 4 ದಿನ ಮುಂಚೆ.

ಕಾಲೇಜು ಓಕ್ಲೆಂಡ್ ಕಡೆ ಅಂತ ಖುಷಿಯಾಗಿ ಸೇರಿದೆ. 580 ಹೆದ್ದಾರಿಯಲ್ಲಿ ನೇರ ರಸ್ತೆ, ಸೇತುವೆ ಇಲ್ಲ, ಟೋಲ್ ಇಲ್ಲ ಅಂದುಕೊಂಡೆ. ಮೆಡ್-ಸರ್ಜ್‌ಗೆ (ಸಾಮಾನ್ಯ ಕಾಯಿಲೆ, ಆಪರೇಷನ್ ಪೇಷೆಂಟ್‌ಗಳ ವಾರ್ಡು) ಹಾಕಿದ್ದು ಸ್ಯಾನ್ ಮಟೇಯೋ ಕಡೆಯ ಆಸ್ಪತ್ರೆಗೆ. ಹೋಗುವುದಕ್ಕೇ 55 ಮೈಲಿ. 580, 238, 880, ಆಮೇಲೆ 92ರ ಸೇತುವೆ. 6:45ಕ್ಕೆ ರಾತ್ರಿ ಪಾಳಿಯವರ ರಿಪೋರ್ಟ್ ಕೇಳಲು ವಾರ್ಡಿನಲ್ಲಿ ನಿಂತಿರಬೇಕು. ಅಂದರೆ ಪಾರ್ಕಿಂಗ್‌ಗೆ 6:20. ಅಂದರೆ ಮನೆ ಬಿಡುವುದು 4:40. ಆಲ್ಟಮಾಂಟ್ ಗುಡ್ಡ ಹತ್ತುವಾಗ ಗಾಳಿಯಂತ್ರಗಳ ಕೆಂಪು ದೀಪ ಎಲ್ಲಾ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತವೆ. ಆ ದೀಪ ನೋಡುತ್ತಾ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ, ರಕ್ತದಲ್ಲಿ ಇರಬೇಕಾದ ಪೊಟ್ಯಾಸಿಯಂ 3.5ರಿಂದ 5, ಸೋಡಿಯಂ 135ರಿಂದ 145.

ಇನ್ನೊಂದು ಯಾರೂ ಹೇಳಲ್ಲ. ನಮ್ಮ ಕಾಲೇಜಿನಲ್ಲಿ ಕ್ಲಿನಿಕಲ್ ಹಿಂದಿನ ಸಂಜೆ ಆಸ್ಪತ್ರೆಗೆ ಹೋಗಿ ಪೇಷೆಂಟ್ ವಿವರ, ಮಾತ್ರೆ, ಲ್ಯಾಬ್ ಎಲ್ಲಾ ಬರೆದುಕೊಂಡು ಬರಬೇಕಿತ್ತು. ಬುಧವಾರ 5ಕ್ಕೆ ಸ್ಕಿಲ್ಸ್ ಲ್ಯಾಬ್ ಮುಗಿಸಿ, ಅಲ್ಲಿಂದ ಸ್ಯಾನ್ ಮಟೇಯೋ, ಅಲ್ಲಿಂದ ಟ್ರೇಸಿ. ಮನೆಗೆ 9:30. ಕೇರ್ ಪ್ಲಾನ್ ಬರೆದು ಮಲಗುವಾಗ 12 ದಾಟುತ್ತಿತ್ತು. 3:45ಕ್ಕೆ ಅಲಾರಂ.

ಖರ್ಚು ಬರೆದಿಟ್ಟಿದ್ದೇನೆ. ವಾರಕ್ಕೆ 4 ದಿನ, ದಿನಕ್ಕೆ 110 ಮೈಲಿ, ನನ್ನ ಕಾರು ಗ್ಯಾಲನ್‌ಗೆ 30 ಮೈಲಿ ಕೊಡುತ್ತಿತ್ತು. ಗ್ಯಾಸ್‌ಗೇ ವಾರಕ್ಕೆ 70 ಡಾಲರ್ ಮೇಲೆ. ಸೇತುವೆ ಆಗ 7 ಡಾಲರ್, 2025ರ ಜನವರಿಯಲ್ಲಿ 8 ಆಯಿತು. ಪಶ್ಚಿಮಕ್ಕೆ ಹೋಗುವಾಗ ಮಾತ್ರ ಕಟ್ಟಬೇಕು. ಲಿವರ್‌ಮೋರ್ ಹತ್ತಿರ ಎಕ್ಸ್‌ಪ್ರೆಸ್ ಲೇನ್ ಬೇರೆ, ಟ್ರಾಫಿಕ್ ಹೆಚ್ಚಾದಷ್ಟೂ ರೇಟು ಹೆಚ್ಚು. ಆಸ್ಪತ್ರೆ ಪಾರ್ಕಿಂಗ್ ದಿನಕ್ಕೆ 12. ಒಂದೇ ವರ್ಷದಲ್ಲಿ 4 ಟೈರ್, 640 ಡಾಲರ್.

ಒಂದು ದಿನ ಡಬ್ಲಿನ್ ಹತ್ತಿರ ಲಾರಿ ಮಗುಚಿತ್ತು. ನಾನು ಮುಟ್ಟಿದ್ದು 6:58ಕ್ಕೆ. ರಿಪೋರ್ಟ್ ಮುಗಿದಿದೆ, ಮನೆಗೆ ಹೋಗಿ ಅಂದರು. ಗೈರುಹಾಜರಿ ಹಾಕಿದರು. ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಅತ್ತಿದ್ದೇನೆ ಮೇಡಂ, ಸುಳ್ಳು ಹೇಳಲ್ಲ. ಆ ದಿನದ ಬದಲಿಗೆ ಶನಿವಾರ ಸಿಮ್ಯುಲೇಶನ್ ಲ್ಯಾಬ್, ಅದಕ್ಕೆ ಬೇರೆ ಫೀಸು.

ದಾವಣಗೆರೆ ನೇಪರ್‌ವಿಲ್:

ನಾನು ಶಿಕಾಗೋ ಕಡೆ ಮಾಡಿದ್ದು. 2023ರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಹೋಯಿತು. 11 ವರ್ಷದ ಅನುಭವ, ಒಂದು ಇಮೇಲ್‌ನಲ್ಲಿ ಮುಗಿದುಹೋಯಿತು. 4 ತಿಂಗಳು ಇಂಟರ್‌ವ್ಯೂ ಕೊಟ್ಟು ಸಾಕಾಗಿ ಅನಾಟಮಿ, ಮೈಕ್ರೋಬಯಾಲಜಿ ಕಮ್ಯುನಿಟಿ ಕಾಲೇಜಿನಲ್ಲಿ ಮುಗಿಸಿ ಸೇರಿದೆ.

ನೇಪರ್‌ವಿಲ್‌ನಿಂದ ಯೂನಿಯನ್ ಸ್ಟೇಷನ್‌ಗೆ 28 ಮೈಲಿ. ಮೆಟ್ರಾ ಇದೆ, ಕ್ಲಾಸಿಗೆ ಅದು ಚಿನ್ನದಂಥದ್ದು. ರೈಲಿನಲ್ಲಿ ಕೂತು ಪೂರ್ತಿ ಫಾರ್ಮಕಾಲಜಿ ಓದಿದ್ದೇನೆ. ಆದರೆ ಕ್ಲಿನಿಕಲ್ 6:30ಕ್ಕೆ. ಇಳಿದು, ಬಸ್ಸು ಹಿಡಿದು, ನಡೆದು ಹೋಗುವಷ್ಟರಲ್ಲಿ ತಡವಾಗುತ್ತದೆ. ಹಾಗಾಗಿ ಕಾರು. ಇಲ್ಲಿ ಟೋಲ್‌ಗಿಂತ ಹಿಮದ ಕಾಟ. ಜನವರಿಯಲ್ಲಿ 4ಕ್ಕೆ ಎದ್ದು ಕಾರಿನ ಮೇಲಿನ ಹಿಮ ತೆಗೆಯುವುದಕ್ಕೇ 25 ನಿಮಿಷ. ಎರಡು ಸಲ ಹಿಮ ಬೀಳುತ್ತದೆ ಅಂತ ಗೊತ್ತಾದಾಗ ಹಿಂದಿನ ರಾತ್ರಿಯೇ ಹೋಗಿ ಆಸ್ಪತ್ರೆ ಪಾರ್ಕಿಂಗ್‌ನಲ್ಲಿ ಸ್ಲೀಪಿಂಗ್ ಬ್ಯಾಗ್ ಹಾಕಿಕೊಂಡು ಕಾರಿನಲ್ಲೇ ಮಲಗಿದೆ. ಒಂದು ದಿನವೂ ಗೈರಾಗಲಿಲ್ಲ. 2 ವರ್ಷ, ಒಂದು ದಿನವೂ ಇಲ್ಲ.

ಅಮ್ಮ ದಾವಣಗೆರೆಯಿಂದ ಫೋನ್ ಮಾಡಿ, "ಗಂಡು ಹುಡುಗ ನರ್ಸ್ ಕೆಲಸ ಮಾಡ್ತಾನಾ ಅಂತ ಕೇಳ್ತಾರಪ್ಪ, ಏನು ಹೇಳಲಿ" ಅಂದರು. ಹೆರಿಗೆ ವಾರ್ಡಿನಲ್ಲಿ ಒಬ್ಬ ತಾಯಿ ಗಂಡಸು ಸ್ಟೂಡೆಂಟ್ ಬೇಡ ಅಂದರು, ಅದು ಅವರ ಹಕ್ಕು. ನಾನು ಹೊರಗೆ ನಿಂತೆ. ಅದೇ ದಿನ ಪಕ್ಕದ ರೂಮಿನಲ್ಲಿ ಮಗು ಹುಟ್ಟಿದ ತಕ್ಷಣ ಬಿಸಿ ಟವೆಲ್‌ನಲ್ಲಿ ಒರೆಸಲು ನನ್ನ ಕೈಗೆ ಕೊಟ್ಟರು. ಅಮ್ಮನಿಗೆ ಅದನ್ನೇ ಹೇಳಿದೆ. ಆಮೇಲೆ ಕೇಳಲಿಲ್ಲ.

ಅದಕ್ಕೇ ಹೇಳುತ್ತೇನೆ, ದೂರ ಒಂದು ನೆಪ ಅಷ್ಟೇ. ಮನಸ್ಸು ಮಾಡಿದರೆ ಆಗುತ್ತದೆ.

ಟ್ರೇಸಿ ವಾಸಿ:

ನೆಪ ಅಂದರೆ ಏನು ಸರ್? ನಿಮಗೆ ಮಕ್ಕಳಿದ್ದರಾ ಆಗ? ರಾತ್ರಿ ಹೋಗಿ ಕಾರಿನಲ್ಲಿ ಮಲಗುವುದು ಒಬ್ಬರೇ ಇದ್ದವರಿಗೆ ಸಾಧ್ಯ. ನನ್ನ ಮಗನಿಗೆ ಆಗ 3 ವರ್ಷ. ನಾನು ಮನೆ ಬಿಡುವಾಗ ಮಲಗಿರುತ್ತಿದ್ದ, ಬರುವಾಗಲೂ ಮಲಗಿರುತ್ತಿದ್ದ. ಲಾರಿ ಮಗುಚಿದ್ದಕ್ಕೆ ನನ್ನ ಮನಸ್ಸು ಏನು ಮಾಡಬೇಕಿತ್ತು?

ದಾವಣಗೆರೆ ನೇಪರ್‌ವಿಲ್:

ನಿಮ್ಮನ್ನು ಅಂದಿದ್ದಲ್ಲ ಮೇಡಂ. ಆಗ ಮದುವೆ ಆಗಿರಲಿಲ್ಲ, ಒಪ್ಪುತ್ತೇನೆ. ಆದರೆ ಕೆಲಸ ಹೋಗಿ, ವೀಸಾ ದಿನ ಎಣಿಸಿಕೊಂಡು ಮಾಡಿದ್ದೂ ಸುಲಭ ಅಲ್ಲ. ಅದನ್ನು "ಒಬ್ಬರೇ ಇದ್ದವರಿಗೆ ಸಾಧ್ಯ" ಅಂತ ಒಂದು ಮಾತಿನಲ್ಲಿ ಮುಗಿಸಬೇಡಿ.

ಹೇವರ್ಡ್ ಹಾಸನ:

ಇಷ್ಟೆಲ್ಲಾ ಒದ್ದಾಟ ಯಾಕೆ ಅಂತ ನನಗೆ ಅರ್ಥವೇ ಆಗಲ್ಲ. ನಾನು ಕಮ್ಯುನಿಟಿ ಕಾಲೇಜಿನಲ್ಲಿ ಎಡಿಎನ್ (ನರ್ಸಿಂಗ್ ಅಸೋಸಿಯೇಟ್ ಡಿಗ್ರಿ) ಮಾಡಿದೆ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಕ್ರೆಡಿಟ್‌ಗೆ) 46 ಡಾಲರ್. ಫೀಸು, ಪುಸ್ತಕ, ಯೂನಿಫಾರ್ಮ್, ಸ್ಟೆತಸ್ಕೋಪ್, ಲಸಿಕೆ ಟೆಸ್ಟು, ಬೆರಳಚ್ಚು, ಎಲ್ಲಾ ಸೇರಿ 9 ಸಾವಿರ ಡಾಲರ್ ದಾಟಲಿಲ್ಲ. ಮನೆಯಿಂದ ಕಾಲೇಜಿಗೆ 14 ನಿಮಿಷ. ಕ್ಲಿನಿಕಲ್ ಅತಿ ದೂರದ್ದು ಅಂದರೆ 22 ಮೈಲಿ. ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಎಲ್ಲರಿಗೂ ಅದೇ. 85 ಪ್ರಶ್ನೆಗೇ ಕಂಪ್ಯೂಟರ್ ನನ್ನ ಪರೀಕ್ಷೆ ಮುಗಿಸಿತು, ಪಾಸ್. ಲೈಸೆನ್ಸ್‌ನಲ್ಲಿ ಎಲ್ಲರಿಗೂ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಅಂತಲೇ ಇರುತ್ತದೆ. ಮಾಸ್ಟರ್ಸ್ ಮಾಡಿದವರಿಗೆ ಬಂಗಾರದ ಅಕ್ಷರದಲ್ಲಿ ಬರೆದು ಕೊಡಲ್ಲ.

ಸಾಲದ ವಿಷಯವನ್ನೂ ಯೋಚಿಸಿ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆದುಕೊಳ್ಳುವವರಿಗೆ ಗ್ರ್ಯಾಡ್ ಪ್ಲಸ್ (ಓದಿನ ಪೂರ್ತಿ ಖರ್ಚಿನವರೆಗೆ ಸಿಗುತ್ತಿದ್ದ ಸರ್ಕಾರಿ ಸಾಲ) ಇಲ್ಲ. ಮಾಸ್ಟರ್ಸ್‌ನವರಿಗೆ ಸರ್ಕಾರಿ ಸಾಲ ವರ್ಷಕ್ಕೆ 20,500 ಡಾಲರ್. ಉಳಿದದ್ದು ಪ್ರೈವೇಟ್ ಸಾಲ. ಅದಕ್ಕೆ ಬಡ್ಡಿ ಎಷ್ಟು ಬೀಳುತ್ತದೆ ಅಂತ ಯಜಮಾನರ ಜೊತೆ ಕೂತು ಲೆಕ್ಕ ಹಾಕಿ.

ನನಗೂ ಸುಲಭವಾಗಿ ಸಿಗಲಿಲ್ಲ. ಸೀಟು ಲಾಟರಿ. ಎರಡು ಸಲ ಹೆಸರು ಬರಲಿಲ್ಲ. ಅಷ್ಟರಲ್ಲಿ ನನ್ನ ಮೈಕ್ರೋಬಯಾಲಜಿ ಹಳೇದಾಯಿತು ಅಂದರು, ಲ್ಯಾಬ್ ಸಮೇತ ಮತ್ತೆ ಮಾಡಿದೆ. ಮೂರನೇ ಸಲ ಬಂತು. ಆ ಇಮೇಲ್ ಬಂದಾಗ ದೋಸೆ ಹೆಂಚಿನ ಮೇಲಿತ್ತು, ಸೀದುಹೋಗಿದ್ದೇ ಗೊತ್ತಾಗಲಿಲ್ಲ.

ಟ್ರೇಸಿ ವಾಸಿ:

ಮೂರು ಸಲ ಅಂದರೆ ಎಷ್ಟು ವರ್ಷ? ನೀವು ಕಾಯುತ್ತಾ ಕೂತಿದ್ದ ಹೊತ್ತಿಗೆ ನಾನು ಕೆಲಸಕ್ಕೆ ಸೇರಿ ಸಂಬಳ ತಂದೆ. ಅದನ್ನೂ ಲೆಕ್ಕಕ್ಕೆ ಹಾಕಿ. ನನ್ನ ತಲೆ ಮೇಲೆ 1,18,000 ಡಾಲರ್ ಸಾಲ ಇದೆ, ತಿಂಗಳಿಗೆ 1,340 ಕಟ್ಟುತ್ತೇನೆ, ಮುಚ್ಚಿಡುವುದೇನಿಲ್ಲ. ಆದರೆ ನಾಳೆ ಬೆನ್ನು ನೋವು ಬಂದರೆ ಪಾಠ ಮಾಡಬಹುದು. ಮಾಸ್ಟರ್ಸ್ ಇಲ್ಲದೆ ಅದು ಕಷ್ಟ.

ಹೇವರ್ಡ್ ಹಾಸನ:

ಆರ್‌ಎನ್ ಆದಮೇಲೆ ನಾನು ಕೆಲಸ ಮಾಡಿಕೊಂಡೇ ಆನ್‌ಲೈನ್‌ನಲ್ಲಿ ಬಿಎಸ್‌ಎನ್ (ನರ್ಸಿಂಗ್ ಬ್ಯಾಚುಲರ್ ಡಿಗ್ರಿ) ಮುಗಿಸಿದೆ. ಬೇಕಾದಾಗ ಮಾಸ್ಟರ್ಸ್ ಕೂಡ ಹಾಗೇ ಮಾಡುತ್ತೇನೆ. 4:40ಕ್ಕೆ ಮನೆ ಬಿಡದೆ.

ಕುಡ್ಲ ಮಿಲ್ಪಿಟಾಸ್:

ಇಬ್ಬರೂ ಜಗಳ ನಿಲ್ಲಿಸಿ, ನನ್ನದೂ ಒಂದು ಸ್ವಲ್ಪ ಕೇಳಿ. ನಾನು ಮಂಗಳೂರಿನಲ್ಲಿ 4 ವರ್ಷ ಬಿಎಸ್ಸಿ ನರ್ಸಿಂಗ್ ಓದಿದವಳು. ಬೆಂಗಳೂರಿನಲ್ಲಿ 6 ವರ್ಷ ಐಸಿಯು. ವೆಂಟಿಲೇಟರ್ ಮೇಲಿದ್ದ ಎಷ್ಟು ಪೇಷೆಂಟ್‌ಗಳನ್ನು ನೋಡಿಕೊಂಡಿದ್ದೇನೆ ಅನ್ನುವುದಕ್ಕೆ ಲೆಕ್ಕ ಇಲ್ಲ.

ಮದುವೆಯಾಗಿ ಇಲ್ಲಿಗೆ ಬಂದೆ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಸಿಗಲು ಪಾಠ ಮತ್ತು ಅದರ ಕ್ಲಿನಿಕಲ್ ಒಂದೇ ಅವಧಿಯಲ್ಲಿ ಆಗಿರಬೇಕು. ನಮ್ಮಲ್ಲಿ ಸೈಕಿಯಾಟ್ರಿ ಪಾಠ ಒಂದು ಕಡೆ, ಪೋಸ್ಟಿಂಗ್ ಇನ್ನೊಂದು ಕಡೆ ಬಿದ್ದಿತ್ತು. ಹೆರಿಗೆ ವಿಷಯದ್ದೂ ಹಾಗೇ. ಇಲ್ಲಿನ ನರ್ಸಿಂಗ್ ಬೋರ್ಡ್‌ನವರು ಎರಡೂ ಕೊರತೆ ಅಂತ ಬರೆದರು. ಹಳೇ ದಾಖಲೆ ತರಿಸಲು ಅಪ್ಪ ಕಾಲೇಜಿಗೆ 9 ಸಲ ಅಲೆದರು, ಮೊಣಕಾಲು ನೋವು ಇಟ್ಟುಕೊಂಡು. ಕೊನೆಗೆ ಆ ಎರಡು ಕೋರ್ಸ್ ಮತ್ತೆ ಮಾಡಬೇಕಾಯಿತು. ಹೊರಗಿನಿಂದ ಬಂದವರನ್ನು ಎರಡೇ ಕೋರ್ಸ್‌ಗೆ ಸೇರಿಸಿಕೊಳ್ಳುವ ಕಾಲೇಜು ಹತ್ತಿರದಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಫ್ರೆಸ್ನೋ ಕಡೆ. ಮಿಲ್ಪಿಟಾಸ್‌ನಿಂದ 150 ಮೈಲಿ. ಶುಕ್ರವಾರ ಸಂಜೆ ಹೊರಟು, ಮೋಟೆಲ್‌ನಲ್ಲಿ ಮಲಗಿ, ಶನಿವಾರ ಭಾನುವಾರ ಕ್ಲಿನಿಕಲ್ ಮಾಡಿ ವಾಪಸ್. ಮೋಟೆಲ್ ರಾತ್ರಿಗೆ 79 ಡಾಲರ್. ವಾರದ ದಿನ ವೃದ್ಧಾಶ್ರಮದಲ್ಲಿ ಸಿಎನ್‌ಎ (ನರ್ಸ್ ಸಹಾಯಕಿ) ಕೆಲಸ. ಐಸಿಯು ನಡೆಸಿದ ನಾನು 7 ತಿಂಗಳು ಹಾಸಿಗೆ ಬಟ್ಟೆ ಬದಲಾಯಿಸಿದೆ. ಆ ಕೆಲಸ ಕೀಳು ಅಂತ ಹೇಳುತ್ತಿಲ್ಲ. ಆದರೆ ಅಲ್ಲಿ ಒಬ್ಬ ಅಜ್ಜನ ಉಸಿರಾಟ ಕೇಳಿದರೇ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಹೋಗಿ ಹೇಳಬಹುದಿತ್ತು ಅಷ್ಟೇ, ಏನೂ ಮಾಡುವ ಹಾಗಿರಲಿಲ್ಲ.

ಒಟ್ಟು 2 ವರ್ಷ 7 ತಿಂಗಳು ಹೋಯಿತು. ಅಷ್ಟರಲ್ಲಿ ಕೈಯಲ್ಲಿ ಸಿರಿಂಜ್ ಹಿಡಿಯದೇ ಇದ್ದವರು ಎಂಟ್ರಿ ಲೆವೆಲ್ ಸೇರಿ ಆರ್‌ಎನ್ ಆಗಿ ಹೊರಗೆ ಬಂದರು. ನೋಡಿದರೆ ಹೊಟ್ಟೆ ಉರಿಯುತ್ತದೆ, ಹೌದು.

ಟ್ರೇಸಿ ವಾಸಿ:

ನಿಮಗೆ ಆಗಿದ್ದು ಅನ್ಯಾಯ. ಆದರೆ ನಾವೂ ಸುಮ್ನೆ ಆರ್‌ಎನ್ ಆಗಿಲ್ಲ. ನೀವು 4 ವರ್ಷದಲ್ಲಿ ಓದಿದ್ದನ್ನು ನಮಗೆ ಒಂದೂವರೆ ವರ್ಷದಲ್ಲಿ ತುರುಕಿದರು. ಮೆಡ್ ಕ್ಯಾಲ್ಕುಲೇಶನ್ (ಔಷಧಿ ಪ್ರಮಾಣ ಲೆಕ್ಕ ಹಾಕುವ) ಟೆಸ್ಟ್‌ನಲ್ಲಿ ಎರಡು ಸಲ ಪಾಸ್ ಅಂಕಕ್ಕಿಂತ ಕೆಳಗಿಳಿದರೆ ಪ್ರೋಗ್ರಾಂ ಬಿಟ್ಟು ಹೋಗಬೇಕಿತ್ತು. ನಮ್ಮ ಬ್ಯಾಚ್‌ನಲ್ಲಿ ಇಬ್ಬರು ಹೋದರು. ನಮ್ಮ ಮೇಲೆ ಯಾಕೆ ಕೋಪ?

ಕುಡ್ಲ ಮಿಲ್ಪಿಟಾಸ್:

ಕೋಪ ನಿಮ್ಮ ಮೇಲಲ್ಲ ಅಂತ ನಾನೂ ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಆದರೂ ಬರುತ್ತದೆ. ನಮ್ಮ ವಾರ್ಡಿಗೆ ಹೊಸದಾಗಿ ಬಂದ ಮಾಸ್ಟರ್ಸ್‌ನವರಿಗೆ ಐವಿ ಹಾಕುವುದು ನಾನೇ ಹೇಳಿಕೊಡುತ್ತೇನೆ. ಹೇಳಿಕೊಟ್ಟು ಮನೆಗೆ ಬಂದು ಬೇಜಾರಾಗುತ್ತದೆ. ಎರಡೂ ನಿಜ.

ಎಲ್ಕ್ ಗ್ರೋವ್ ಧಾರವಾಡ:

ಮೇಡಂ, ನೀವು ಬಾರ್ಟ್ ಕೇಳಿದಿರಿ, ಯಾರೂ ಅದನ್ನು ಮುಟ್ಟಲಿಲ್ಲ. ವಾರದ ದಿನ ಬಾರ್ಟ್ ಬೆಳಿಗ್ಗೆ 5ಕ್ಕೆ ಶುರು, ಶನಿವಾರ 6ಕ್ಕೆ, ಭಾನುವಾರ 8ಕ್ಕೆ. ಕ್ಲಿನಿಕಲ್ 6:45ಕ್ಕೆ. ಭಾನುವಾರ ಹಾಕಿದರೆ ಬಾರ್ಟ್ ಮರೆತುಬಿಡಿ. ನನಗೆ ಕೊನೆಯ ಟರ್ಮ್‌ನಲ್ಲಿ ಭಾನುವಾರವೇ ಬಿತ್ತು. ಪ್ರಿಸೆಪ್ಟರ್‌ಶಿಪ್ ಅಂದರೆ ಒಬ್ಬ ನರ್ಸ್ ಜೊತೆ ಇದ್ದು ಕಲಿಯುವುದು, ಅವರ ಶಿಫ್ಟ್ ಯಾವುದೋ ನಮ್ಮದೂ ಅದೇ. ನನ್ನ ಪ್ರಿಸೆಪ್ಟರ್‌ದು ರಾತ್ರಿ ಪಾಳಿ, ಸಂಜೆ 7ರಿಂದ ಬೆಳಿಗ್ಗೆ 7. ಮುಗಿಸಿ ಕಾರು ಹತ್ತಿದರೆ ರಸ್ತೆ ಎರಡೆರಡಾಗಿ ಕಾಣುತ್ತಿತ್ತು. ವ್ಯಾಕವಿಲ್ ಹತ್ತಿರ ಒಮ್ಮೆ ಕಾರು ಲೇನ್ ಬಿಟ್ಟು ರಸ್ತೆ ಅಂಚಿನ ಉಬ್ಬುಗಳ ಮೇಲೆ ಗರಗರ ಅಂತ ಹೋದಾಗ ಎಚ್ಚರವಾಯಿತು. ಅವತ್ತಿನಿಂದ ಆಸ್ಪತ್ರೆ ಪಾರ್ಕಿಂಗ್‌ನಲ್ಲೇ 2 ಗಂಟೆ ಮಲಗಿ ಆಮೇಲೆ ಹೊರಡುತ್ತಿದ್ದೆ.

ನಮ್ಮ ಮನೆ ಎಲ್ಕ್ ಗ್ರೋವ್, ಕಾಲೇಜು ಸ್ಯಾನ್ ಫ್ರಾನ್ಸಿಸ್ಕೋ. ಹೆಚ್ಚು ಕಡಿಮೆ 100 ಮೈಲಿ. ದಿನಾ ಆಗುವ ಮಾತಲ್ಲ. ಓಕ್ಲೆಂಡ್‌ನಲ್ಲಿ ಒಂದು ಮನೆಯ ಹಿಂದಿನ ರೂಮು ಸೋಮವಾರದಿಂದ ಗುರುವಾರದವರೆಗೆ ಬಾಡಿಗೆಗೆ ತೆಗೆದುಕೊಂಡೆ. ತಿಂಗಳಿಗೆ 850 ಡಾಲರ್. ಅಡುಗೆ ಇಲ್ಲ, ಮೈಕ್ರೋವೇವ್ ಮಾತ್ರ. ಭಾನುವಾರ ರಾತ್ರಿ 8 ಚಪಾತಿ ಪದರ ಪದರವಾಗಿ ಕಟ್ಟಿಕೊಂಡು, ಶೇಂಗಾ ಚಟ್ನಿ ಪುಡಿ ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಬುಧವಾರದ ಹೊತ್ತಿಗೆ ಚಪಾತಿ ರಟ್ಟಾಗುತ್ತಿತ್ತು.

ಮೊದಲ 6 ತಿಂಗಳು ನಮ್ಮ ಅವ್ವ ಬಂದು ಮಗನನ್ನು ನೋಡಿಕೊಂಡರು. ಆಮೇಲೆ ಅತ್ತೆ ಬಂದರು. ಮಗನಿಗೆ ಆಗ 5. ದಿನಾ ರಾತ್ರಿ 8ಕ್ಕೆ ವಿಡಿಯೋ ಕಾಲ್. ಮೂರನೇ ತಿಂಗಳಿಗೆ ಅವನು ಫೋನ್ ಹತ್ತಿರ ಬರುವುದು ಬಿಟ್ಟ. ಅವ್ವ ಫೋನ್ ಅವನ ಕಡೆ ತಿರುಗಿಸುತ್ತಿದ್ದರು, ಅವನು ಲೆಗೋ ಜೋಡಿಸುತ್ತಾ ಕೂತಿರುತ್ತಿದ್ದ, ಬೆನ್ನು ಕಾಣುತ್ತಿತ್ತು. ಹಾಗೇ ಬೆನ್ನು ನೋಡಿಕೊಂಡು ಮಾತಾಡುತ್ತಿದ್ದೆ.

ಸನ್ನಿವೇಲ್ ತಂದೆ:

ಬೇಜಾರು ಮಾಡಿಕೊಳ್ಳಬೇಡಿ. 5 ವರ್ಷದ ಮಗುವನ್ನು ವಾರದಲ್ಲಿ 4 ದಿನ ಬಿಟ್ಟು ಹೋಗುವುದನ್ನು ಇನ್ನೊಬ್ಬ ತಾಯಿಗೆ ದಾರಿ ಅಂತ ತೋರಿಸುವುದು ನನಗೆ ಸರಿ ಕಾಣಲ್ಲ. ಡಿಗ್ರಿ 2 ವರ್ಷ ಬಿಟ್ಟು ಕೂಡ ಮಾಡಬಹುದು. ಮಗುವಿನ ಆ ವಯಸ್ಸು ವಾಪಸ್ ಬರಲ್ಲ.

ಎಲ್ಕ್ ಗ್ರೋವ್ ಧಾರವಾಡ:

ನಾನು ದಾರಿ ಅಂತ ತೋರಿಸಲಿಲ್ಲ ಸರ್. ನನಗೆ ಆದದ್ದು ಹೇಳಿದೆ. ನಮ್ಮ ಮನೆಯವರು ಆಫೀಸಿನ ಕೆಲಸಕ್ಕೆ ತಿಂಗಳಲ್ಲಿ 12 ದಿನ ಊರೂರು ತಿರುಗುತ್ತಾರೆ. 7 ವರ್ಷದಿಂದ. ಅವರಿಗೆ ಇದುವರೆಗೆ ಒಬ್ಬರೂ ಈ ಮಾತು ಹೇಳಿಲ್ಲ. ನನಗೆ 16 ತಿಂಗಳಲ್ಲಿ ನೀವು ಎಷ್ಟನೆಯವರು ಅಂತ ಎಣಿಸಿಲ್ಲ.

ಕುಡ್ಲ ಮಿಲ್ಪಿಟಾಸ್:

ಸರ್, ನಿಮ್ಮ ಮನೆಯಲ್ಲಿ ಯಾರಿಗಾದರೂ ರಾತ್ರಿ 2ಕ್ಕೆ ಎದೆನೋವು ಬಂದರೆ ಅಲ್ಲಿ ನಿಂತಿರುವ ನರ್ಸ್ ಕೂಡ ಮನೆಯಲ್ಲಿ ಮಗು ಬಿಟ್ಟು ಬಂದಿರುತ್ತಾಳೆ. ಧಾರವಾಡದ ಅಕ್ಕ, ನೀವು ಉತ್ತರ ಕೊಡಬೇಕಾಗಿಯೇ ಇಲ್ಲ.

ಸನ್ನಿವೇಲ್ ತಂದೆ:

ನನ್ನ ತಾಯಿಯೂ ನರ್ಸ್ ಆಗಿದ್ದರು. ಜಿಲ್ಲಾ ಆಸ್ಪತ್ರೆ, ರಾತ್ರಿ ಪಾಳಿ. ನಾನು ಬೆನ್ನು ತಿರುಗಿಸಿ ಕೂತ ಹುಡುಗನೇ. ಅದಕ್ಕೇ ಬರೆದೆ. ನೋವಾಗಿದ್ದರೆ ಕ್ಷಮಿಸಿ, ಆದರೆ ಮಾತು ವಾಪಸ್ ತೆಗೆದುಕೊಳ್ಳಲ್ಲ.

ಹೇವರ್ಡ್ ಹಾಸನ:

ಇದಕ್ಕೇ ನಾನು 14 ನಿಮಿಷದ ಕಾಲೇಜು ಅಂದಿದ್ದು.

ಫ್ರೀಮಾಂಟ್ ಅಮ್ಮ:

ಎಲ್ಲವನ್ನೂ ಎರಡೆರಡು ಸಲ ಓದಿದೆ. ಯಜಮಾನರಿಗೂ ಓದಿ ಹೇಳಿದೆ. ಧಾರವಾಡದ ಅಕ್ಕ ಬರೆದಿದ್ದು ಓದುವಾಗ ಅವರು ಎದ್ದು ಹೋಗಿ ಮಗಳ ಹೊದಿಕೆ ಸರಿ ಮಾಡಿ ಬಂದರು.

ಟ್ರೇಸಿ ಅಕ್ಕ ಹೇಳಿದ ಮೇಲೆ ಓಕ್ಲೆಂಡ್ ಕಾಲೇಜಿಗೆ ಫೋನ್ ಮಾಡಿ, ಹೋದ ವರ್ಷ ಯಾವ ಯಾವ ಊರಿನ ಆಸ್ಪತ್ರೆಗೆ ಹಾಕಿದ್ದಿರಿ ಅಂತ ಮಾತ್ರ ಕೇಳಿದೆ. ಅದಕ್ಕೆ ಹೇಳಿದರು. ಓಕ್ಲೆಂಡ್, ಕ್ಯಾಸ್ಟ್ರೋ ವ್ಯಾಲಿ, ವಾಲ್ನಟ್ ಕ್ರೀಕ್, ಇಬ್ಬರನ್ನು ದೂರದ ವಲೇಹೋಗೆ. ಹಿಂದಿನ ಸಂಜೆ ಹೋಗಬೇಕಾ ಅಂದೆ. ಈಗ ಇಲ್ಲವಂತೆ, ಬೆಳಿಗ್ಗೆಯೇ ಪೇಷೆಂಟ್ ಕೊಡುತ್ತಾರಂತೆ. ಸ್ಯಾನ್ ಫ್ರಾನ್ಸಿಸ್ಕೋದವರು ಈ ಪ್ರಶ್ನೆಗೂ ಉತ್ತರ ಕೊಡಲಿಲ್ಲ.

ನಿನ್ನೆ ಮಂಗಳವಾರ ಸುಮ್ನೆ ಒಂದು ಸಲ ಓಡಿಸಿ ನೋಡೋಣ ಅಂತ 5:20ಕ್ಕೆ ಹೊರಟೆ. ಓಕ್ಲೆಂಡ್ ಆಸ್ಪತ್ರೆ ಪಾರ್ಕಿಂಗ್‌ಗೆ 6:04. ಅಲ್ಲಿಂದ ಮುಖ್ಯ ಬಾಗಿಲಿಗೆ ನಡೆದರೆ 9 ನಿಮಿಷ. ಬಾಗಿಲ ಹತ್ತಿರ ನೀಲಿ ಸ್ಕ್ರಬ್ಸ್ ಹಾಕಿದ ಸ್ಟೂಡೆಂಟ್‌ಗಳು ಗುಂಪಾಗಿ ನಿಂತು ಚೀಟಿ ನೋಡಿಕೊಂಡು ಏನೋ ಬಾಯಿಪಾಠ ಮಾಡುತ್ತಿದ್ದರು. ವಾಪಸ್ ಬರುವಾಗ ಎದುರಿನ ಲೇನ್ ಪೂರ್ತಿ ನಿಂತಿತ್ತು. ಮನೆಗೆ 7:10. ಮಗಳಿಗೆ ಜಡೆ ಹಾಕಲು ಟೈಮ್ ಸಿಕ್ಕಿತು, ಆದರೆ ಕ್ಲಿನಿಕಲ್ ದಿನ ಅದು ಸಿಗಲ್ಲ ಅಂತ ಗೊತ್ತು. ಯಜಮಾನರು ಯೂಟ್ಯೂಬ್ ನೋಡಿ ಜಡೆ ಕಲಿಯುತ್ತಿದ್ದಾರೆ.

ಓಕ್ಲೆಂಡ್‌ಗೆ ಡೆಪಾಸಿಟ್ ಕಟ್ಟುತ್ತಿದ್ದೇನೆ. ವಲೇಹೋ ಬಿದ್ದರೆ ಏನು ಮಾಡುವುದು ಅಂತ ಇನ್ನೂ ಗೊತ್ತಿಲ್ಲ. ಫ್ರೀಮಾಂಟ್, ಯೂನಿಯನ್ ಸಿಟಿ ಕಡೆಯಿಂದ ಈ ಸಲ ಸೇರುವವರು ಯಾರಾದರೂ ಇದ್ದರೆ ಹೇಳಿ, ಒಟ್ಟಿಗೆ ಹೋಗಬಹುದು. ನನ್ನ ಕಾರಿನಲ್ಲಿ 3 ಸೀಟು ಖಾಲಿ ಇದೆ.

ಟ್ರೇಸಿ ವಾಸಿ:

ಟೈರ್ ಈಗಲೇ ನೋಡಿಸಿ ಮೇಡಂ. ಮಳೆ ಶುರುವಾಗುವ ಮುಂಚೆ.